ನೀನು ನೀನೇ ಎನ್ನಲು ಸಾಕ್ಷಿ ಏನು?

ಹತ್ತನೆಯ ತರಗತಿ ಪಾಸಾಗಿ ಪದವಿಪೂರ್ವ ಕಾಲೇಜಿಗೆ ಸೇರಿದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಊರು ಶಿಡ್ಲಘಟ್ಟ ಎಂದು ಇಟ್ಟುಕೊಳ್ಳೋಣ. ಅಪ್ಪ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೂಲಿ. ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನ ತೊಟ್ಟಿಯಲ್ಲಿ ಕೈ ಇಟ್ಟು ಗೂಡಿನ ಎಳೆ ಹುಡುಕುವುದೇ ಅವರ ಉದ್ಯೋಗ. ಮಗಳ ಹೆಸರು, ಲೆಕ್ಕದ ಅನುಕೂಲಕ್ಕಾಗಿ, ಲಕ್ಷ್ಮೀದೇವಿ. ಕಾಲೇಜಿನ ಶುಲ್ಕ, ಪುಸ್ತಕ, ಬಸ್ ಪಾಸು ಎಲ್ಲಕ್ಕೂ ಸರ್ಕಾರದ ವಿದ್ಯಾರ್ಥಿವೇತನವನ್ನೇ ನಂಬಿದ ಸಂಸಾರ.

ಅಪ್ಪ ಮಗಳು ಒಂದು ದಿನದ ಕೂಲಿ ಬಿಟ್ಟು ಸೈಬರ್ ಸೆಂಟರಿಗೆ ಬರುತ್ತಾರೆ. ಅಂಗಡಿಯ ಯುವಕ ಕೇಳಿದ ಸಂಖ್ಯೆಗಳನ್ನೆಲ್ಲ ಒತ್ತುತ್ತಾನೆ. ಪರದೆಯ ಮೇಲೆ ಕೆಂಪು ಅಕ್ಷರಗಳು ಮೂಡುತ್ತವೆ.

"ಹೆಸರು ಮ್ಯಾಚ್ ಆಗ್ತಿಲ್ಲಮ್ಮ."

"ನನ್ನ ಹೆಸರೇ ಅಲ್ವಾ ಅಣ್ಣ ಅದು?"

"ನಿನ್ನದೇ ಹೌದು. ಆದರೆ ಕಂಪ್ಯೂಟರ್ ಒಪ್ಪಬೇಕಲ್ಲ!"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿ ಹಳೆಯದು. ಈಗ ಪೂಜಾರಿಯ ಜಾಗದಲ್ಲಿ ಯಂತ್ರ ಕುಳಿತಿದೆ. ಪೂಜಾರಿಯ ಕೈಕಾಲು ಹಿಡಿಯಬಹುದಿತ್ತು, ಯಂತ್ರಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ. ಆದರೆ ಅದಕ್ಕೆ ಒಂದು ನಿಯಮವಿದೆ. ಆ ನಿಯಮವನ್ನು ಅರಿತವರಿಗೆ ಬಾಗಿಲು ಎಲ್ಲಿ ಮುಚ್ಚಿದೆ, ಅದನ್ನು ತೆರೆಯುವ ಕೀಲಿ ಯಾರ ಬಳಿ ಇದೆ ಎಂಬುದು ತಿಳಿಯುತ್ತದೆ. ವಿದ್ಯಾರ್ಥಿಗಳೂ ಪಾಲಕರೂ ತಿಳಿದಿರಬೇಕಾದ ವಿಷಯ ಇದು.

ಹೂಗ್ಲಿಯ ಪಿಂಚಣಿದಾರರು

ಸರ್ಕಾರ ಹಣ ಕೊಡುವಾಗ 'ಇವನು ಅವನೇ ಹೌದೇ?' ಎಂದು ಕೇಳುವುದು ಹೊಸತಲ್ಲ. ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ 1858ರಲ್ಲಿ ಜಂಗೀಪುರದ ಗುತ್ತಿಗೆದಾರನೊಬ್ಬನಿಂದ ಕರಾರು ಪತ್ರದ ಹಿಂದೆ ಅಂಗೈಯ ಮುದ್ರೆ ಹಾಕಿಸಿಕೊಂಡ. ಮುಂದೆ 1877ರಲ್ಲಿ ಹೂಗ್ಲಿಯಲ್ಲಿದ್ದಾಗ ಪಿಂಚಣಿ ಪಡೆಯಲು ಬರುವವರ ಬೆರಳಚ್ಚು ತೆಗೆದುಕೊಳ್ಳುವ ಪದ್ಧತಿ ಹಾಕಿದ. ಸತ್ತವರ ಹೆಸರಿನಲ್ಲಿ ಬೇರೆಯವರು ಹಣ ಎತ್ತುವುದನ್ನು ತಡೆಯುವುದು ಅವನ ಉದ್ದೇಶವಾಗಿತ್ತು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕೇಂದ್ರವೊಂದು ಆರಂಭವಾಯಿತು. ಅಲ್ಲಿ ಬೆರಳಚ್ಚುಗಳನ್ನು ವರ್ಗೀಕರಿಸುವ ವಿಧಾನ ರೂಪಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರಿದ್ದರು.

ಆ ಕಥೆಯ ಇಂದಿನ ಅಧ್ಯಾಯವೇ ಆಧಾರ್. 2009ರಲ್ಲಿ ಇದಕ್ಕಾಗಿ ವಿಶಿಷ್ಟ ಗುರುತಿನ ಪ್ರಾಧಿಕಾರ ಸ್ಥಾಪನೆಯಾಯಿತು. ಬೆಂಗಳೂರಿನ ನಂದನ್ ನಿಲೇಕಣಿ ಅದರ ಮೊದಲ ಅಧ್ಯಕ್ಷರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಸಂಖ್ಯೆಗಳನ್ನು ಕೊಡಲಾಯಿತು. 2013ರ ಜನವರಿ 1ರಿಂದ ಸರ್ಕಾರದ ಸಹಾಯಧನವನ್ನು ಫಲಾನುಭವಿಯ ಬ್ಯಾಂಕ್ ಖಾತೆಗೆ ನೇರವಾಗಿ ಕಳಿಸುವ ಕ್ರಮ ಆರಂಭವಾಯಿತು. ಅಂದು ಅದರಲ್ಲಿ ಸೇರಿದ್ದ ಯೋಜನೆಗಳಲ್ಲಿ ವಿದ್ಯಾರ್ಥಿವೇತನವೂ ಒಂದು.

ನಡುವಿನವರ ಕೈ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಹಿಂದೆ ಶಾಲೆಯ ಹೆಡ್‌ಮಾಸ್ತರರು 'ಈ ಹುಡುಗಿ ನಮ್ಮ ಶಾಲೆಯವಳೇ' ಎಂದು ಸಹಿ ಹಾಕಿದರೆ ಮುಗಿಯುತ್ತಿದ್ದ ಕೆಲಸ ಈಗ ಹಲವು ಕಂಪ್ಯೂಟರುಗಳ ಒಮ್ಮತವನ್ನು ಬೇಡುತ್ತದೆ. ನಮ್ಮ ರಾಜ್ಯದ ವಿದ್ಯಾರ್ಥಿವೇತನದ ತಂತ್ರಾಂಶ, ಅಂದರೆ ಎಸ್‌ಎಸ್‌ಪಿ, ಒಂದು ಅರ್ಜಿಗಾಗಿ ಹಲವು ಕಡೆ ಇಣುಕಿ ನೋಡುತ್ತದೆ: ಆಧಾರ್, ಶಾಲಾ ಕಾಲೇಜಿನ ದಾಖಲೆ, ನಾಡಕಚೇರಿಯಿಂದ ಬಂದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್.ಡಿ. ಸಂಖ್ಯೆ, ಕೊನೆಗೆ ಬ್ಯಾಂಕು. ಇವುಗಳಲ್ಲಿ ಯಾವುದೊಂದು ತಲೆ ಅಲ್ಲಾಡಿಸಿದರೂ ಅರ್ಜಿ ಅಲ್ಲೇ ನಿಲ್ಲುತ್ತದೆ.

ಹನ್ನೆರಡನೆಯ ಅಂಕಿಯ ಕಾವಲು

ಮೊದಲು ಸಂಖ್ಯೆಯನ್ನೇ ನೋಡೋಣ. ಆಧಾರ್‌ನಲ್ಲಿ 12 ಅಂಕಿಗಳಿದ್ದರೂ ಗುರುತಿಗೆ ಬಳಕೆಯಾಗುವುದು ಮೊದಲ 11 ಮಾತ್ರ. ಕೊನೆಯದು ಕಾವಲು ಅಂಕಿ. ಉಳಿದ ಹನ್ನೊಂದನ್ನು ಒಂದು ಲೆಕ್ಕಕ್ಕೆ ಹಾಕಿದಾಗ ಬರುವ ಉತ್ತರ ಅದು. ಯಾರಾದರೂ ಸಂಖ್ಯೆಯನ್ನು ತಪ್ಪಾಗಿ ಒತ್ತಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ.

ಅಂಕಿಗಳನ್ನು ಬರೇ ಕೂಡಿದರೆ ಸಾಲದೇ ಎಂದು ವಿದ್ಯಾರ್ಥಿಗಳು ಕೇಳಬಹುದು. 27ನ್ನು 72 ಎಂದು ಬರೆದು ನೋಡಿ. ಎರಡರ ಮೊತ್ತವೂ 9. ಅಕ್ಕಪಕ್ಕದ ಅಂಕಿಗಳು ಅದಲುಬದಲಾಗುವುದು ನಾವೆಲ್ಲ ಮಾಡುವ ಸಾಮಾನ್ಯ ತಪ್ಪು. ಕೂಡುವ ಲೆಕ್ಕ ಅದನ್ನು ಹಿಡಿಯಲಾರದು. 1969ರಲ್ಲಿ ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ ಕ್ರಮ ಬದಲಾದರೆ ಉತ್ತರವೂ ಬದಲಾಗುವಂಥ ಒಂದು ವಿಧಾನ ಕೊಟ್ಟ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಜಾಗ ಬದಲಿಸಿದರೂ ಅದು ತಪ್ಪದೆ ಹಿಡಿಯುತ್ತದೆ. ಆಧಾರ್‌ನಲ್ಲಿ ಬಳಸಿರುವುದು ಇದನ್ನೇ.

ಇದರಿಂದ ಒಂದು ಪಾಠ ಸಿಗುತ್ತದೆ. ಯಂತ್ರ ಹೇಳುವ 'ಇಲ್ಲ'ಗಳೆಲ್ಲ ಒಂದೇ ಅಲ್ಲ. ಆಧಾರ್ ದೃಢೀಕರಣ ವಿಫಲವಾದಾಗ ಸಾಮಾನ್ಯವಾಗಿ ಒಂದು ಸಂಕೇತ ಸಂಖ್ಯೆ ಹಿಂದಿರುಗುತ್ತದೆ. 998 ಎಂದರೆ ಆಧಾರ್ ಸಂಖ್ಯೆಯೇ ಸರಿಯಿಲ್ಲ ಅಥವಾ ಲಭ್ಯವಿಲ್ಲ. 100 ಎಂದರೆ ಹೆಸರು, ಹುಟ್ಟಿದ ದಿನಾಂಕ, ಲಿಂಗ ಮೊದಲಾದ ವಿವರಗಳಲ್ಲಿ ವ್ಯತ್ಯಾಸವಿದೆ. 300 ಎಂದರೆ ಬೆರಳಚ್ಚು ಮುಂತಾದವು ಹೊಂದಲಿಲ್ಲ. 330 ಎಂದರೆ ಬೆರಳಚ್ಚು ಬಳಸದಂತೆ ಆಧಾರ್ ಹೊಂದಿದವರೇ ಬೀಗ ಹಾಕಿದ್ದಾರೆ. 400 ಎಂದರೆ ಮೊಬೈಲಿಗೆ ಬಂದ ಒಟಿಪಿ ಸರಿಯಿಲ್ಲ.

ಆದ್ದರಿಂದ ಸೈಬರ್ ಸೆಂಟರಿನಲ್ಲಿ 'ಆಗ್ತಿಲ್ಲ' ಎಂದಾಕ್ಷಣ ಎದ್ದು ಬರಬಾರದು. ಪರದೆಯ ಮೇಲೆ ಇರುವ ವಾಕ್ಯ ಯಾವುದು, ಸಂಕೇತ ಸಂಖ್ಯೆ ಇದೆಯೇ ಎಂದು ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದರೆ ಆ ಪರದೆಯ ಒಂದು ಪ್ರತಿ ತೆಗೆಸಿಕೊಳ್ಳಬೇಕು. ಜ್ವರ ಬಂದವನಿಗೆ ಯಾವ ಜ್ವರ ಎಂದು ತಿಳಿಯದೆ ಔಷಧ ಕೊಡಲಾಗದು. ಇದೂ ಹಾಗೆಯೇ.

ಒಂದು ಹೆಸರು, ಮೂವತ್ತೆರಡು ರೂಪ

ಕನ್ನಡದಲ್ಲಿ ಲಕ್ಷ್ಮೀದೇವಿ ಎಂದು ಬರೆದರೆ ಓದುವವರಿಗೆ ಗೊಂದಲವಿಲ್ಲ. ಅದೇ ಹೆಸರನ್ನು ಇಂಗ್ಲಿಷಿಗೆ ತಂದಾಗ ತೊಂದರೆ ಶುರುವಾಗುತ್ತದೆ. 'ಕ್ಷ'ಕ್ಕೆ ಕೆ, ಎಸ್, ಎಚ್ ಎಂಬ ಮೂರು ಅಕ್ಷರ ಬರೆಯುವವರುಂಟು, ಎಕ್ಸ್ ಎಂಬ ಒಂದೇ ಅಕ್ಷರ ಬರೆಯುವವರೂ ಉಂಟು. 'ಮೀ'ಗೆ ಒಂದು ಐ ಸಾಕು ಎನ್ನುವವರು ಕೆಲವರು, ಎರಡು ಇ ಬೇಕು ಎನ್ನುವವರು ಕೆಲವರು. ಲಕ್ಷ್ಮೀ ಮತ್ತು ದೇವಿಯನ್ನು ಕೂಡಿಸಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ತಂದೆ ನಾರಾಯಣಪ್ಪ ಎಂಬುದರ 'ಎನ್' ಮುಂದೆ ಬರಬಹುದು, ಹಿಂದೆ ಬರಬಹುದು, ಬಾರದೆಯೂ ಇರಬಹುದು, ಅಥವಾ ನಾರಾಯಣಪ್ಪ ಎಂದು ಪೂರ್ತಿಯಾಗಿಯೇ ಬಂದು ಕೂರಬಹುದು.

ಹತ್ತನೆಯ ತರಗತಿಯವರು ಲೆಕ್ಕ ಹಾಕಲಿ. ಎರಡು ಬಗೆ ಗುಣಿಸು ಎರಡು ಬಗೆ ಗುಣಿಸು ಎರಡು ಬಗೆ, ಎಂಟು. ಅದನ್ನು ಇನಿಷಿಯಲ್ಲಿನ ನಾಲ್ಕು ಬಗೆಯಿಂದ ಗುಣಿಸಿದರೆ ಮೂವತ್ತೆರಡು. ಒಬ್ಬಳೇ ಹುಡುಗಿ, ಒಂದೇ ಹೆಸರು, ಮೂವತ್ತೆರಡು ಇಂಗ್ಲಿಷ್ ರೂಪ! ಇನ್ನು ಉತ್ತರ ಕರ್ನಾಟಕದಲ್ಲಿ ಹೆಸರಿನ ಜೊತೆ ತಂದೆಯ ಹೆಸರು ಮತ್ತು ಅಡ್ಡಹೆಸರು ಸೇರುತ್ತವೆ. ಹಳೆ ಮೈಸೂರಿನಲ್ಲಿ ಊರಿನ ಹೆಸರು ಇನಿಷಿಯಲ್ಲಾಗಿ ಬರುವುದುಂಟು. ಗೌಡ ಎಂಬುದನ್ನು ಮೈಸೂರು ಕಡೆ ಹೆಚ್ಚಾಗಿ ಡಬ್ಲ್ಯು ಹಾಕಿ, ಹುಬ್ಬಳ್ಳಿ ಕಡೆ ಹೆಚ್ಚಾಗಿ ಯು ಹಾಕಿ ಬರೆಯುತ್ತಾರೆ. ಒಂದೊಂದು ದಾಖಲೆಯನ್ನು ಒಬ್ಬೊಬ್ಬರು ಬರೆದಾಗ ಈ ರೂಪಗಳು ಬೇರೆಬೇರೆಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಯಂತ್ರಕ್ಕೆ ಅಷ್ಟೂ ತಿಳಿಯುವುದಿಲ್ಲವೇ? ತಿಳಿಸಬಹುದು. ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ 1965ರಲ್ಲಿ ಎರಡು ಪದಗಳ ನಡುವಿನ 'ದೂರ' ಅಳೆಯುವ ವಿಧಾನ ಹೇಳಿದ. ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಅಳಿಸಬೇಕು ಅಥವಾ ಬದಲಿಸಬೇಕು ಎಂಬ ಎಣಿಕೆಯೇ ಆ ದೂರ. ಗೌಡದ ಎರಡು ರೂಪಗಳ ದೂರ 1. ಲಕ್ಷ್ಮಿಯ ಎರಡು ರೂಪಗಳ ದೂರ 3, ಏಕೆಂದರೆ ಎಕ್ಸ್ ಒಂದನ್ನು ಬದಲಿಸಿ ಇನ್ನೆರಡು ಅಕ್ಷರ ಸೇರಿಸಬೇಕು. ಅದಕ್ಕೂ ಮೊದಲು, 1918ರಲ್ಲಿಯೇ, ಅಮೆರಿಕದಲ್ಲಿ ಸೌಂಡೆಕ್ಸ್ ಎಂಬ ವಿಧಾನಕ್ಕೆ ಪೇಟೆಂಟ್ ದೊರೆತಿತ್ತು. ಅದು ಅಕ್ಷರವನ್ನು ಬಿಟ್ಟು ಉಚ್ಚಾರಣೆಗೆ ಸಂಕೇತ ಕೊಡುತ್ತದೆ. ಲಕ್ಷ್ಮಿಯನ್ನು ಹೇಗೆ ಬರೆದರೂ ಅದರಲ್ಲಿ ಬರುವುದು ಒಂದೇ ಸಂಕೇತ: ಎಲ್-250.

ಹಾಗಾದರೆ ಇದನ್ನೇ ಬಳಸಿದರಾಯಿತಲ್ಲ? ಇಲ್ಲಿ ಇನ್ನೊಂದು ಮುಖವಿದೆ. ಲೋಕಮ್ಮ ಎಂಬ ಹೆಸರಿಗೂ ಸೌಂಡೆಕ್ಸ್ ಕೊಡುವ ಸಂಕೇತ ಎಲ್-250! ಜರಡಿಯ ಕಣ್ಣು ದೊಡ್ಡದಾದರೆ ಕಲ್ಲೂ ಇಳಿಯುತ್ತದೆ, ಸಣ್ಣದಾದರೆ ಕಾಳೂ ನಿಲ್ಲುತ್ತದೆ. ಸಡಿಲ ಮಾಡಿದರೆ ಒಬ್ಬರ ಹಣ ಇನ್ನೊಬ್ಬರಿಗೆ, ಬಿಗಿ ಮಾಡಿದರೆ ಹಕ್ಕಿದ್ದವರಿಗೇ ಇಲ್ಲ. ಕಣ್ಣು ಎಷ್ಟಿರಬೇಕು ಎಂದು ತೀರ್ಮಾನಿಸುವವರು ಮನುಷ್ಯರೇ. ಆದ್ದರಿಂದ ಜರಡಿಯಲ್ಲಿ ನಿಂತುಹೋದ ಕಾಳನ್ನು ಕೈಯಿಂದ ಆರಿಸುವ ವ್ಯವಸ್ಥೆಯೂ ಇರಲೇಬೇಕು.

ತಾಯಿ ದಾಖಲೆ ಯಾವುದು?

ಹೆಸರು ಹೊಂದದಿದ್ದಾಗ ಎಷ್ಟೋ ಪಾಲಕರು ಗಾಬರಿಯಿಂದ ಕಂಡ ದಾಖಲೆಯನ್ನೆಲ್ಲ ತಿದ್ದಿಸಲು ಓಡುತ್ತಾರೆ. ಒಂದನ್ನು ಸರಿಪಡಿಸಿದಾಗ ಇನ್ನೊಂದು ಕೆಡುತ್ತದೆ. ಇದಕ್ಕೆ ಕ್ರಮ ಬೇಕು. ಮೊದಲು ಒಂದು 'ತಾಯಿ ದಾಖಲೆ'ಯನ್ನು ಆರಿಸಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು.

ಎಸ್‌ಎಸ್‌ಎಲ್‌ಸಿ ಮುಗಿಸಿದವರಿಗೆ ಅಂಕಪಟ್ಟಿಯೇ ತಾಯಿ ದಾಖಲೆ. ಮುಂದೆ ಪದವಿ, ನೌಕರಿ ಎಲ್ಲದಕ್ಕೂ ಅದೇ ಬುಡ. ಅದನ್ನು ತಿದ್ದಿಸುವುದು ಕಷ್ಟ, ಆಧಾರ್ ತಿದ್ದಿಸುವುದು ಅದಕ್ಕಿಂತ ಸುಲಭ. ಹೆಸರು ಮತ್ತು ಹುಟ್ಟಿದ ದಿನಾಂಕಕ್ಕೆ ಆಧಾರ್ ಕೇಂದ್ರದಲ್ಲಿ ಮಂಡಳಿಯ ಅಂಕಪಟ್ಟಿಯನ್ನು ಪುರಾವೆಯಾಗಿ ಒಪ್ಪುತ್ತಾರೆ. ಇನ್ನೂ ಎಸ್‌ಎಸ್‌ಎಲ್‌ಸಿಗೆ ಬಾರದ ಮಕ್ಕಳಿಗೆ ಜನನ ಪ್ರಮಾಣಪತ್ರ ತಾಯಿ ದಾಖಲೆ. ಅವರ ಶಾಲಾ ದಾಖಲೆಯಲ್ಲಿ ತಪ್ಪಿದ್ದರೆ ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮೊದಲೇ ಮುಖ್ಯೋಪಾಧ್ಯಾಯರ ಮೂಲಕ ಸರಿಪಡಿಸಿಕೊಳ್ಳಬೇಕು. ಒಂಬತ್ತನೆಯ ತರಗತಿಯಲ್ಲಿ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸ, ಅಂಕಪಟ್ಟಿ ಅಚ್ಚಾದ ಮೇಲೆ ಮಂಡಳಿಯವರೆಗೆ ಅಲೆದಾಟವಾಗುತ್ತದೆ.

ಇಲ್ಲಿ ಎಚ್ಚರಿಕೆಯೊಂದಿದೆ. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಸಲ ಮಾತ್ರ, ಹುಟ್ಟಿದ ದಿನಾಂಕವನ್ನು ಒಂದೇ ಸಲ ಬದಲಿಸಲು ಅವಕಾಶ. ಅದನ್ನು ಮೀರಿದರೆ ಬೆಂಗಳೂರಿನಲ್ಲಿರುವ ಪ್ರಾಧಿಕಾರದ ಪ್ರಾದೇಶಿಕ ಕಚೇರಿಗೆ ಕಾರಣ ಸಹಿತ ಮೊರೆಯಿಡಬೇಕು. ಆದ್ದರಿಂದ ಕೇಂದ್ರದಲ್ಲಿ ಕೊಡುವ ಚೀಟಿಗೆ ಒಪ್ಪಿಗೆ ಹಾಕುವ ಮೊದಲು ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಬೇಕು. ಇನಿಷಿಯಲ್ ಎಲ್ಲಿದೆ, ಜಾಗ ಬಿಟ್ಟಿದೆಯೇ ಎಂಬುದನ್ನೂ ನೋಡಬೇಕು. ಅವಸರದಲ್ಲಿ ಒಂದು ಅವಕಾಶ ಕಳೆದುಕೊಂಡರೆ ಉಳಿಯುವುದು ಇನ್ನೊಂದೇ.

ಹುಟ್ಟಿದ ದಿನಾಂಕದ ಕಥೆ ಬೇರೆಯೇ ಇದೆ. ಹಿಂದೆ ಮಗುವನ್ನು ಶಾಲೆಗೆ ಸೇರಿಸುವಾಗ ದಿನಾಂಕ ಗೊತ್ತಿಲ್ಲದಿದ್ದರೆ ಮೇಷ್ಟರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಎಷ್ಟೋ ಊರುಗಳಲ್ಲಿ ಅರ್ಧ ತರಗತಿಯ ಹುಟ್ಟುಹಬ್ಬ ಜೂನ್ 1! ಇತ್ತ ಆಧಾರ್ ಮಾಡಿಸುವಾಗ ದಾಖಲೆ ಇಲ್ಲದೆ ಅಂದಾಜು ವಯಸ್ಸು ಹೇಳಿದವರಿಗೆ ಹುಟ್ಟಿದ ವರ್ಷ ಮಾತ್ರ ದಾಖಲಾಯಿತು. ಎರಡೂ ತಾಳೆಯಾಗುವುದಾದರೂ ಹೇಗೆ? 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನಾಂಕದ ಪುರಾವೆ ಎಂದು ಕಾನೂನಾಗಿದೆ. ಇಂದಿನ ತಂದೆತಾಯಿಗಳು ಮಗು ಹುಟ್ಟಿದ ಕೂಡಲೇ ಅದನ್ನು ಮಾಡಿಸಿ, ಹೆಸರಿಟ್ಟ ಮೇಲೆ ಹೆಸರನ್ನೂ ಸೇರಿಸಿಬಿಟ್ಟರೆ ಮುಂದಿನ ಅರ್ಧ ತಾಪತ್ರಯ ತಪ್ಪುತ್ತದೆ.

ಆಧಾರ್ ಸರಿಯಾದ ಮೇಲೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸರದಿ. ಅದರಲ್ಲಿ ಹೆಸರು ಬೇರೆಯಾಗಿದ್ದರೆ ನಾಡಕಚೇರಿಯಲ್ಲಿ ಸರಿಯಾದ ಹೆಸರಿನಿಂದ ಮತ್ತೆ ಅರ್ಜಿ ಹಾಕಿ ಹೊಸ ಆರ್.ಡಿ. ಸಂಖ್ಯೆ ಪಡೆಯಬೇಕು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸು ಮಾತ್ರ ಎಂಬುದು ನೆನಪಿರಲಿ. ಹೆಸರು ಸರಿಯಾಗಿದ್ದೂ ಅವಧಿ ಮುಗಿದ ಕಾರಣಕ್ಕೆ ನಿಂತ ಅರ್ಜಿಗಳೂ ಉಂಟು. ಈ ಪ್ರಮಾಣಪತ್ರಗಳನ್ನು ನಿಗದಿತ ದಿನಗಳೊಳಗೆ ಕೊಡಬೇಕೆಂದು 2011ರ ಸಕಾಲ ಕಾಯ್ದೆ ಹೇಳುತ್ತದೆ. ಅರ್ಜಿ ಕೊಟ್ಟಾಗ ಸಿಗುವ ಸಕಾಲ ಸಂಖ್ಯೆಯನ್ನು ಕಳೆಯಬಾರದು. ದಿನ ಮೀರಿದರೆ ಆ ಸಂಖ್ಯೆಯ ಆಧಾರದ ಮೇಲೆಯೇ ಮೇಲ್ಮನವಿ.

ಬೆರಳು ಸವೆದಾಗ

ಲಕ್ಷ್ಮೀದೇವಿಯ ತೊಂದರೆ ಹೆಸರಿನದು. ಅವಳ ಅಪ್ಪನದು ಬೆರಳಿನದು. ಪಡಿತರ ಚೀಟಿಯ ದೃಢೀಕರಣಕ್ಕೆ ಹೋದಾಗ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ.

ಬೆರಳ ತುದಿಯ ಗೆರೆಗಳು ಮಗು ತಾಯಿಯ ಗರ್ಭದಲ್ಲಿರುವಾಗಲೇ ಮೂಡುತ್ತವೆ. ಅವು ಎಲ್ಲಿ ಕೊನೆಯಾಗುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳ ನಕ್ಷೆಯನ್ನೇ ಯಂತ್ರ ಹೋಲಿಸುವುದು. ಗೆರೆಗಳ ಬೇರು ಚರ್ಮದ ಒಳಪದರದಲ್ಲಿದೆ. ಆದ್ದರಿಂದ ಮೇಲ್ಪದರ ಸವೆದರೂ ವಿಶ್ರಾಂತಿ ಸಿಕ್ಕರೆ ಮತ್ತೆ ಬೆಳೆಯುತ್ತದೆ. ಆದರೆ ದಿನವೂ ಬಿಸಿನೀರಿನಲ್ಲಿ ಕೈ ಅದ್ದುವವರು, ಸಿಮೆಂಟು ಸುಣ್ಣ ಕಲಸುವವರು, ಕಲ್ಲು ಒಡೆಯುವವರು, ಪಾತ್ರೆ ತಿಕ್ಕುವವರು ಇವರಿಗೆ ವಿಶ್ರಾಂತಿ ಎಲ್ಲಿ? ವಯಸ್ಸಾದಂತೆ ಚರ್ಮ ಒಣಗಿ ಸುಕ್ಕಾಗುವುದೂ ಸೇರಿಕೊಳ್ಳುತ್ತದೆ. ದುಡಿದವರ ಬೆರಳೇ ಯಂತ್ರಕ್ಕೆ ಅಪರಿಚಿತವಾಗುವುದು ಎಂಥ ವಿಪರ್ಯಾಸ!

ಇದಕ್ಕೆ ಕೆಲವು ಸರಳ ಉಪಾಯಗಳಿವೆ. ಕೈಯನ್ನು ತೊಳೆದು ಒರೆಸಿ, ಚರ್ಮ ತೀರ ಒಣಗಿದ್ದರೆ ಸ್ವಲ್ಪ ತೇವ ಮಾಡಿ ಮತ್ತೆ ಒತ್ತಬೇಕು. ಯಂತ್ರದ ಗಾಜನ್ನು ಒರೆಸಲು ಹೇಳಬೇಕು. ಹೆಬ್ಬೆಟ್ಟೇ ಆಗಬೇಕೆಂಬ ನಿಯಮವಿಲ್ಲ. ಆಧಾರ್‌ನಲ್ಲಿ ಹತ್ತೂ ಬೆರಳುಗಳಿವೆ, ಬೇರೆ ಬೆರಳು ಹೊಂದಬಹುದು. ಅದೂ ಆಗದಿದ್ದರೆ ಕಣ್ಣಿನ ಪಾಪೆಯ ಸುತ್ತಲ ವರ್ಣಪಟಲ, ಅಂದರೆ ಐರಿಸ್, ಉಂಟು. ಮುಖ ನೋಡಿ ಗುರುತಿಸುವ ವಿಧಾನವೂ ಬಂದಿದೆ. ಮೊಬೈಲಿಗೆ ಒಟಿಪಿ ತರಿಸುವ ದಾರಿಯೂ ಇದೆ, ಆದರೆ ಅದಕ್ಕೆ ಆಧಾರ್ ಜೊತೆ ಸೇರಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಸಂಖ್ಯೆ ಬದಲಾಗಿದ್ದರೆ ಕೇಂದ್ರದಲ್ಲಿ ಹೊಸದನ್ನು ಸೇರಿಸಲು ಬೇರೆ ದಾಖಲೆ ಬೇಕಿಲ್ಲ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಐದು ವರ್ಷದೊಳಗಿನ ಮಗುವಿಗೆ ಆಧಾರ್ ಮಾಡಿಸುವಾಗ ಬೆರಳಚ್ಚು ತೆಗೆಯುವುದಿಲ್ಲ. ಐದು ತುಂಬಿದ ಮೇಲೆ ಒಮ್ಮೆ, ಹದಿನೈದು ತುಂಬಿದ ಮೇಲೆ ಇನ್ನೊಮ್ಮೆ ಬೆರಳಚ್ಚು, ಕಣ್ಣು, ಭಾವಚಿತ್ರ ಕೊಡುವುದು ಕಡ್ಡಾಯ. 5ರಿಂದ 7 ಹಾಗೂ 15ರಿಂದ 17 ವರ್ಷದೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಏಳು ವರ್ಷ ದಾಟಿದರೂ ಮಾಡಿಸದಿದ್ದರೆ ಸಂಖ್ಯೆ ನಿಷ್ಕ್ರಿಯವಾಗಬಹುದು ಎಂದು ಪ್ರಾಧಿಕಾರ 2025ರಲ್ಲಿ ಎಚ್ಚರಿಸಿದೆ. ಹದಿನೈದು ಎಂದರೆ ಎಸ್‌ಎಸ್‌ಎಲ್‌ಸಿಯ ವಯಸ್ಸು. ಪರೀಕ್ಷೆಯ ಗಡಿಬಿಡಿಯಲ್ಲಿ ಇದನ್ನು ಮರೆತವರು ಕಾಲೇಜಿನ ಅರ್ಜಿಯ ಹೊತ್ತಿಗೆ ತೊಂದರೆಗೆ ಸಿಕ್ಕುತ್ತಾರೆ.

ಮಂಜೂರಾಯಿತು, ಹಣ ಎಲ್ಲಿ?

ಎಲ್ಲ ಸರಿಯಾಗಿ ಅರ್ಜಿ ಮಂಜೂರಾದ ಮೇಲೂ ಕೈಗೆ ಬಂದ ತುತ್ತು ಬಾಯಿಗೆ ಬಾರದಿರುವುದುಂಟು. ಕಾರಣ ಬ್ಯಾಂಕು. ಖಾತೆಗೆ ಆಧಾರ್ ಪ್ರತಿ ಕೊಟ್ಟಿದ್ದೇವಲ್ಲ ಎಂದು ಪಾಲಕರು ಹೇಳುತ್ತಾರೆ. ಪ್ರತಿ ಕೊಡುವುದು ಬೇರೆ, ಸಹಾಯಧನಕ್ಕಾಗಿ ಜೋಡಿಸುವುದು ಬೇರೆ. ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂಬ ದೊಡ್ಡ ಪಟ್ಟಿಯೊಂದನ್ನು ರಾಷ್ಟ್ರೀಯ ಪಾವತಿ ನಿಗಮ ಇಟ್ಟುಕೊಂಡಿದೆ. ಹಣ ಬರುವುದು ಆ ಪಟ್ಟಿಯ ಪ್ರಕಾರ. ಒಂದು ಆಧಾರ್‌ಗೆ ಆ ಪಟ್ಟಿಯಲ್ಲಿ ಒಂದೇ ಬ್ಯಾಂಕು ಇರುತ್ತದೆ, ಕೊನೆಯದಾಗಿ ಜೋಡಿಸಿದ್ದು. ಅಂಗಡಿಯಲ್ಲಿ ಹೊಸ ಸಿಮ್ ಕೊಳ್ಳುವಾಗಲೋ ಮೊಬೈಲಿನಲ್ಲಿ ಖಾತೆ ತೆರೆಯುವಾಗಲೋ ತಿಳಿಯದೆ ಒಪ್ಪಿಗೆ ಕೊಟ್ಟು, ಹಣ ಬೇರೆ ಖಾತೆಗೆ ಹೋಗಿ ಕೂತಿರಬಹುದು.

ಇದನ್ನು ತಿಳಿಯುವುದು ಸುಲಭ. ಆಧಾರ್‌ನ ಅಧಿಕೃತ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡುವ ಅನುಕೂಲವಿದೆ. ಬ್ಯಾಂಕಿನ ಹೆಸರು ಮತ್ತು 'ಸಕ್ರಿಯ' ಎಂಬ ಮಾತು ಕಾಣಬೇಕು. ಕಾಣದಿದ್ದರೆ ಬ್ಯಾಂಕಿನ ಶಾಖೆಯಲ್ಲಿ ಸಹಾಯಧನಕ್ಕಾಗಿ ಆಧಾರ್ ಜೋಡಿಸುವ ಒಪ್ಪಿಗೆ ಪತ್ರ ತುಂಬಿ ಕೊಟ್ಟು ಸ್ವೀಕೃತಿ ಪಡೆಯಬೇಕು.

ನಮ್ಮ ರಾಜ್ಯದವರು ಹಳೆಯ ಪಾಸ್‌ಬುಕ್ಕುಗಳ ಬಗೆಗೂ ಎಚ್ಚರವಾಗಿರಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಪುಸ್ತಕದ ಶಾಖಾ ಸಂಕೇತವನ್ನು ಅರ್ಜಿಯಲ್ಲಿ ಬರೆದರೆ ಪ್ರಯೋಜನವಿಲ್ಲ. ಇನ್ನು, ಎರಡು ವರ್ಷ ವ್ಯವಹಾರ ನಡೆಸದ ಖಾತೆ ಸಾಮಾನ್ಯವಾಗಿ ನಿಷ್ಕ್ರಿಯವಾಗುತ್ತದೆ. ಆದರೆ ವಿದ್ಯಾರ್ಥಿವೇತನ ಪಡೆಯಲೆಂದೇ ತೆರೆದ ಖಾತೆಗಳಿಗೆ ಈ ನಿಯಮ ಅನ್ವಯಿಸಬಾರದೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಸೂಚಿಸಿದೆ. ಬ್ಯಾಂಕಿನಲ್ಲಿ ಈ ಮಾತನ್ನು ವಿನಯದಿಂದ ನೆನಪಿಸಬಹುದು.

ಹಕ್ಕಿನ ಮಾತು

ಯಂತ್ರ ಒಪ್ಪಲಿಲ್ಲ ಎಂದ ಮಾತ್ರಕ್ಕೆ ಹಕ್ಕು ಮುಗಿಯಿತೇ? ಇಲ್ಲ. 2016ರ ಆಧಾರ್ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿಯೇ, ಇನ್ನೂ ಆಧಾರ್ ಸಂಖ್ಯೆ ದೊರೆಯದವರಿಗೆ ಬೇರೆ ಗುರುತಿನ ದಾರಿ ಒದಗಿಸಬೇಕೆಂದಿದೆ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಗ ಅವರಿಗೆ ಎಂಬತ್ತು ದಾಟಿತ್ತು. ಆ ಮೊಕದ್ದಮೆಯಲ್ಲಿ 2018ರ ಸೆಪ್ಟೆಂಬರ್ 26ರಂದು ಬಂದ ತೀರ್ಪು ಆಧಾರ್ ಅನ್ನು ಎತ್ತಿಹಿಡಿಯಿತಾದರೂ ಮಕ್ಕಳ ವಿಷಯದಲ್ಲಿ ಸ್ಪಷ್ಟವಾಗಿ ಹೇಳಿತು: ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ. ಯಾವುದೋ ಕಾರಣಕ್ಕೆ ಆಧಾರ್ ಸಂಖ್ಯೆ ತೋರಿಸಲಾಗಲಿಲ್ಲವೆಂದು ಯಾವ ಮಗುವಿಗೂ ಯೋಜನೆಯ ಲಾಭ ನಿರಾಕರಿಸುವಂತಿಲ್ಲ, ಬೇರೆ ದಾಖಲೆಗಳಿಂದ ಗುರುತು ಖಚಿತಪಡಿಸಿಕೊಂಡು ಕೊಡಬೇಕು.

ಆದ್ದರಿಂದ ಕೊನೆಯ ದಿನಾಂಕ ಹತ್ತಿರವಾಗಿದ್ದು ತಿದ್ದುಪಡಿ ಇನ್ನೂ ಆಗಿಲ್ಲದಿದ್ದರೆ ಕೈಕಟ್ಟಿ ಕೂರಬಾರದು. ಒಂದು ಬಿಳಿ ಹಾಳೆಯಲ್ಲಿ ಪ್ರಾಂಶುಪಾಲರ ಮೂಲಕ ಇಲಾಖೆಯ ತಾಲ್ಲೂಕು ಅಧಿಕಾರಿಗೆ ಅರ್ಜಿ ಬರೆಯಬೇಕು. ಯಾವ ದಿನ ಪ್ರಯತ್ನಿಸಿದೆ, ಯಾವ ವಾಕ್ಯ ಅಥವಾ ಸಂಕೇತ ಬಂತು, ಯಾವ ದಾಖಲೆಯಲ್ಲಿ ಹೆಸರು ಹೇಗಿದೆ, ತಿದ್ದುಪಡಿಗೆ ಎಂದು ಕೊಟ್ಟೆ ಎಂಬ ನಾಲ್ಕು ಸಂಗತಿಗಳು ಅದರಲ್ಲಿರಲಿ. ಆಧಾರ್ ಕೇಂದ್ರದ ಸ್ವೀಕೃತಿ ಚೀಟಿಯ ಪ್ರತಿ ಲಗತ್ತಿಸಿ, ಅರ್ಜಿಯ ಎರಡನೆಯ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಬಾಯಿಮಾತು ಗಾಳಿಗೆ ಹೋಗುತ್ತದೆ, ಮೊಹರು ಬಿದ್ದ ಹಾಳೆ ಉಳಿಯುತ್ತದೆ. ಎಷ್ಟು ದಿನವಾದರೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿಯ ಸ್ಥಿತಿಯನ್ನು ಕೇಳಬಹುದು. 30 ದಿನದೊಳಗೆ ಉತ್ತರ ಕೊಡಬೇಕು.

ಆಧಾರ್‌ಗೆ ಸಂಬಂಧಿಸಿದ ದೂರಿಗೆ 1947ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಸ್ವಾತಂತ್ರ್ಯ ಬಂದ ವರ್ಷ, ಮರೆಯುವಂತಿಲ್ಲ. 'ನಾನು ಸರಿಮಾಡಿಸಿ ಕೊಡುತ್ತೇನೆ, ಒಟಿಪಿ ಹೇಳಿ' ಎಂದು ಕರೆ ಮಾಡುವವರನ್ನು ಮಾತ್ರ ನಂಬಬಾರದು. ಮೋಸ ಹೋದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

ಒಂದು ಪುಟದ ಪ್ರಯೋಗ

ಲಕ್ಷ್ಮೀದೇವಿಯ ಕಥೆಗೆ ಮರಳೋಣ. ಅವಳು ಮನೆಗೆ ಬಂದು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಗೆರೆ ಎಳೆಯುತ್ತಾಳೆ. ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಪಾಸ್‌ಬುಕ್ ಎಂದು ಐದು ಸಾಲು. ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ, ತಂದೆಯ ಹೆಸರು ಎಂದು ನಾಲ್ಕು ಕಾಲಂ. ಇದ್ದದ್ದನ್ನು ಇದ್ದ ಹಾಗೆ ಇಳಿಸಿದಾಗ ತಪ್ಪು ತಾನಾಗಿ ಕಾಣುತ್ತದೆ. ಅಂಕಪಟ್ಟಿ ಮತ್ತು ಪಾಸ್‌ಬುಕ್ಕಿನಲ್ಲಿ ಒಂದೇ ಹೆಸರಿದೆ, ಆಧಾರ್‌ನಲ್ಲಿ ಮಾತ್ರ ಎಕ್ಸ್ ಬಂದು ಇನಿಷಿಯಲ್ ಬಿಟ್ಟುಹೋಗಿದೆ, ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮುಂದೆ ಬಂದಿದೆ. ಅಂದರೆ ತಿದ್ದಬೇಕಾದದ್ದು ಎರಡೇ, ಅದೂ ಮೊದಲು ಆಧಾರ್, ಆಮೇಲೆ ಪ್ರಮಾಣಪತ್ರ. ಇಷ್ಟು ತಿಳಿದ ಮೇಲೆ ಅಪ್ಪ ಕಳೆದುಕೊಳ್ಳಬೇಕಾದ ಕೂಲಿಯ ದಿನಗಳು ಹತ್ತರಿಂದ ಎರಡಕ್ಕೆ ಇಳಿಯುತ್ತವೆ.

ಈ ಪುಟವನ್ನು ಪ್ರತಿ ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ಒಂದು ಪಿರಿಯಡ್ಡಿನಲ್ಲಿ ಮಾಡಿಸಬಹುದು. ವಿಜ್ಞಾನದ ಪ್ರಯೋಗದಲ್ಲಿ ಮೊದಲ ಪಾಠವೇ ವೀಕ್ಷಣೆ, ಎರಡನೆಯದು ದಾಖಲೆ. ಪರೀಕ್ಷೆಗೆ ಹೆಸರು ಕಳಿಸುವ ಮೊದಲೇ ತಪ್ಪು ಸಿಕ್ಕರೆ ಮುಖ್ಯೋಪಾಧ್ಯಾಯರ ಒಂದು ಸಹಿಯಲ್ಲಿ ಅದು ಸರಿಹೋಗುತ್ತದೆ. ಎರಡು ವರ್ಷದ ನಂತರ ಸಿಕ್ಕರೆ ಆ ಮನೆಯ ಮಗಳು ಕಾಲೇಜಿಗೆ ಹೋಗುವಳೋ ಘಟಕದ ಬಿಸಿನೀರಿಗೆ ಕೈ ಹಾಕುವಳೋ ಎಂಬುದನ್ನೇ ಅದು ತೀರ್ಮಾನಿಸಿಬಿಡಬಹುದು. ಪಾಲಕರು ಈ ಭಾನುವಾರವೇ ಪೆಟ್ಟಿಗೆ ತೆರೆದು ಮಕ್ಕಳ ಕೈಗೆ ದಾಖಲೆಗಳನ್ನು ಕೊಡಲಿ. ಮಕ್ಕಳು ಗೆರೆ ಎಳೆಯಲಿ.